ಪಿಟೀಲಿನಲ್ಲಿ ಸ್ಟಾಫ್ ನೊಟೇಶನ್ ನೋಡುತ್ತಲೇ ನುಡಿಸುವುದು: ಕರ್ನಾಟಕ ಸಂಗೀತ ಕಲಿತವರಿಗೊಂದು ಮಾರ್ಗದರ್ಶಿ

ವರ್ಣ, ಕೃತಿಗಳನ್ನು ಸಲೀಸಾಗಿ ನುಡಿಸುವ ಪಿಟೀಲು ವಿದ್ಯಾರ್ಥಿಯ ಮುಂದೆ ಎಂಟು ಬಾರ್‌ಗಳ ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ; ಬಾರ್ ಎಂದರೆ ಅದರಲ್ಲಿ ನೆಟ್ಟಗಿನ ಗೆರೆಗಳ ನಡುವಿನ ಒಂದು ತಾಳಖಂಡ) ಇಟ್ಟರೆ ಕೈ ಕಟ್ಟಿಹಾಕಿದಂತಾಗುತ್ತದೆ. ಅದರ ಚಿಹ್ನೆಗಳು ಕಷ್ಟವೆಂದಲ್ಲ. ಒಂದು ವಾರ ಕೂತರೆ ಯಾರಿಗಾದರೂ ಗುರುತು ಸಿಗುತ್ತವೆ. ತೊಡಕಿರುವುದು ದಾರಿಯಲ್ಲಿ. ಕಣ್ಣು ಚಿಹ್ನೆಯನ್ನು ನೋಡುತ್ತದೆ, ಮನಸ್ಸು ಅದಕ್ಕೆ ‘ಜಿ’ ಎಂದು ಹೆಸರಿಡುತ್ತದೆ, ‘ಜಿ ಅಂದರೆ ಇಲ್ಲಿ ಯಾವ ಸ್ವರ’ ಎಂದು ಲೆಕ್ಕ ಹಾಕುತ್ತದೆ, ಆಮೇಲೆ ಬೆರಳು ಹುಡುಕುತ್ತದೆ. ಇಷ್ಟೆಲ್ಲ ಆಗುವ ಹೊತ್ತಿಗೆ ತಾಳ ಮುಂದೆ ಹೋಗಿರುತ್ತದೆ. ಕಣ್ಣಿನಿಂದ ನೇರ ಬೆರಳಿಗೆ ದಾರಿ ಮಾಡುವುದು, ಏನೇ ಆದರೂ ಲಯ ನಿಲ್ಲಿಸದಿರುವುದು, ಇವೆರಡೇ ಸೈಟ್ ರೀಡಿಂಗ್. ಕೆಳಗಿನ ಹಂತಗಳೆಲ್ಲ ಇವೆರಡಕ್ಕಾಗಿಯೇ.

ಇದರ ಅಗತ್ಯ ಬೀಳುವುದು ಹೆಚ್ಚಾಗಿ ಮೂರು ಕಡೆ: ರೆಕಾರ್ಡಿಂಗ್ ಸ್ಟುಡಿಯೊದ ತಂತಿವಾದ್ಯಗಳ ತಂಡದಲ್ಲಿ, ಆರ್ಕೆಸ್ಟ್ರಾದಲ್ಲಿ, ಗ್ರೇಡ್ ಪರೀಕ್ಷೆಗಳಲ್ಲಿ. ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂನ ಪ್ರಾಕ್ಟಿಕಲ್ ಗ್ರೇಡ್ ಪರೀಕ್ಷೆಯ ಒಟ್ಟು 150 ಅಂಕಗಳಲ್ಲಿ ಸೈಟ್ ರೀಡಿಂಗಿಗೆ 21 ಮೀಸಲು. ನೋಡಿಕೊಳ್ಳಲು ಸಿಗುವ ಸಮಯ ಅರ್ಧ ನಿಮಿಷ.

ಮೊದಲು ಶ್ರುತಿ ಬದಲಿಸಿ

ನಮ್ಮ ಪಿಟೀಲಿನ ತಂತಿಗಳು ಸ–ಪ–ಸ–ಪ. ಪಾಶ್ಚಾತ್ಯ ಪಿಟೀಲಿನ ತಂತಿಗಳು ದಪ್ಪದಿಂದ ತೆಳುವಿನ ಕಡೆಗೆ ಜಿ, ಡಿ, ಎ, ಇ. ಐದು ಮನೆ ಶ್ರುತಿಯಲ್ಲಿ ನುಡಿಸುವವರ ತಂತಿಗಳು ಜಿ–ಡಿ–ಜಿ–ಡಿ ಆಗಿರುತ್ತವೆ. ಅವರು ಕೆಳಗಿನ ಎರಡನ್ನು ಮುಟ್ಟಬೇಕಿಲ್ಲ, ಮೇಲಿನ ಎರಡನ್ನು ಚತುಶ್ರುತಿ ರಿಷಭದಷ್ಟು ಏರಿಸಿದರೆ ಸಾಕು. ಮೂರು ಮನೆಯವರ ಪಿಟೀಲಿನಲ್ಲಿ ನಾಲ್ಕೂ ತಂತಿಗಳನ್ನು ಏರಿಸಬೇಕಾಗುತ್ತದೆ. ಎ ತಂತಿಯನ್ನು 440 ಹರ್ಟ್ಸ್‌ಗೆ ಕೂಡಿಸಿ, ಉಳಿದವನ್ನು ಅದರಿಂದ ಪಂಚಮ ಭಾವದಲ್ಲಿ ಹೊಂದಿಸಿ.

ಬಿರಡೆಯನ್ನು ಒಮ್ಮೆಲೇ ತಿರುಗಿಸಬೇಡಿ. ತಂತಿ ಬಿಗಿಯಾದಂತೆ ಕುದುರೆಯ ತಲೆ ಫಿಂಗರ್‌ಬೋರ್ಡ್ ಕಡೆಗೆ ವಾಲುತ್ತದೆ. ಎರಡು ಮೂರು ಸಲ ಏರಿಸಿದ ಮೇಲೆ ಒಮ್ಮೆ ಪಕ್ಕದಿಂದ ನೋಡಿ, ವಾಲಿದ್ದರೆ ಎರಡೂ ಕೈಗಳಿಂದ ಹಿಡಿದು ನೆಟ್ಟಗೆ ಮಾಡಿ. ಕೆಳಶ್ರುತಿಗೆಂದು ದಪ್ಪ ತಂತಿ ಹಾಕಿಸಿದ್ದರೆ ಅದನ್ನೇ ಏರಿಸುವ ಬದಲು ಮಾಮೂಲಿ ಸೆಟ್ ಹಾಕುವುದು ಕ್ಷೇಮ. ದಿನಾ ಏರಿಸಿ ಇಳಿಸಿದರೆ ತಂತಿ ಎಂದೂ ನೆಲೆ ನಿಲ್ಲುವುದಿಲ್ಲ. ಸಾಧ್ಯವಿದ್ದರೆ ಓದುವ ಅಭ್ಯಾಸಕ್ಕೇ ಒಂದು ಸಾಧಾರಣ ಪಿಟೀಲು ಬೇರೆ ಇಟ್ಟುಕೊಳ್ಳಿ.

ಸ–ಪ–ಸ–ಪದಲ್ಲೇ ಇಟ್ಟುಕೊಂಡು ಓದಲು ಕಲಿಯಬಹುದಲ್ಲ ಎಂದು ಕೇಳುವವರಿದ್ದಾರೆ. ಬೇಡ. ನಮ್ಮ ಕಟ್ಟಿನಲ್ಲಿ ನಡುವಿನ ಎರಡು ತಂತಿಗಳ ಅಂತರ ಮಧ್ಯಮ. ಪ, ದ, ನಿ ಆದ ಕೂಡಲೇ ಮುಂದಿನ ತಂತಿಯ ಖಾಲಿ ಷಡ್ಜಕ್ಕೆ ಹೋಗುತ್ತೇವೆ. ಪಾಶ್ಚಾತ್ಯ ಕಟ್ಟಿನಲ್ಲಿ ಎಲ್ಲ ತಂತಿಗಳ ನಡುವೆಯೂ ಪಂಚಮದ ಅಂತರ. ಮೂರನೇ ಬೆರಳೂ ಆದ ಮೇಲೆಯೇ ಮುಂದಿನ ಖಾಲಿ ತಂತಿ. ಡಿ ತಂತಿಯಿಂದ ಎ ತಂತಿಗೆ ದಾಟುವಾಗ ನಮ್ಮವರ ಕೈ ಒಂದು ಸ್ವರ ತಪ್ಪುವುದು ಇದೇ ಕಾರಣಕ್ಕೆ. ಮೊದಲ ವಾರವೆಲ್ಲ ಪುಸ್ತಕವನ್ನೇ ತೆರೆಯದೆ ಈ ದಾಟುವಿಕೆಯನ್ನು ಮಾತ್ರ ಅಭ್ಯಾಸ ಮಾಡಿ: ಡಿ ತಂತಿಯಲ್ಲಿ ಖಾಲಿ, 1, 2, 3, ಆಮೇಲೆ ಖಾಲಿ ಎ, ಹಾಗೆಯೇ ಹಿಂದಕ್ಕೆ.

ತಂಬೂರಿ ಆ್ಯಪ್ ಆಫ್ ಮಾಡಿ. ಶ್ರುತಿ ಹಿಂದೆ ಇದ್ದರೆ ಕಿವಿ ಪ್ರತಿಯೊಂದನ್ನೂ ಆ ಷಡ್ಜಕ್ಕೆ ಎಳೆದು ಅಳೆಯುತ್ತದೆ. ಇಲ್ಲಿ ಷಡ್ಜ ಒಂದೊಂದು ಪುಟಕ್ಕೆ ಒಂದೊಂದು ಜಾಗದಲ್ಲಿರುತ್ತದೆ.

ಗೆರೆ ಬಂದರೆ 1, 3. ಸಂದು ಬಂದರೆ ಖಾಲಿ, 2, 4

ಐದು ಗೆರೆ, ನಾಲ್ಕು ಸಂದು. ಪಿಟೀಲಿಗೆ ಬಳಸುವ ಟ್ರೆಬಲ್ ಕ್ಲೆಫ್ (ಸಾಲಿನ ಮೊದಲ ಸುರುಳಿ ಚಿಹ್ನೆ) ಕೆಳಗಿನಿಂದ ಎರಡನೇ ಗೆರೆಯನ್ನು ಸುತ್ತಿಕೊಂಡಿರುತ್ತದೆ. ಆ ಗೆರೆಯೇ ಜಿ. ಗೆರೆಗಳು ಕೆಳಗಿನಿಂದ ಇ, ಜಿ, ಬಿ, ಡಿ, ಎಫ್. ಸಂದುಗಳು ಎಫ್, ಎ, ಸಿ, ಇ. ಇದು ಎಲ್ಲ ಪುಸ್ತಕಗಳಲ್ಲೂ ಸಿಗುವ ಮಾತು. ಪಿಟೀಲಿನವರಿಗೆ ಇದಕ್ಕಿಂತ ಉಪಯೋಗಕ್ಕೆ ಬರುವುದು ಇನ್ನೊಂದು.

ಮೊದಲ ಪೊಸಿಶನ್‌ನಲ್ಲಿ (ಎಡಗೈ ತಲೆಯ ಕಡೆಗೆ, ಒಂದನೇ ಬೆರಳು ಖಾಲಿ ತಂತಿಯ ಮುಂದಿನ ಸ್ವರದಲ್ಲಿ) ಖಾಲಿ ತಂತಿಗಳು ನಾಲ್ಕೂ ಸಂದಿನಲ್ಲೇ ಬರುತ್ತವೆ. ಡಿ ಎಲ್ಲಕ್ಕಿಂತ ಕೆಳಗಿನ ಗೆರೆಗೆ ಅಂಟಿಕೊಂಡು ಅದರಡಿ ನೇತಾಡುತ್ತದೆ. ಎ ಎರಡನೇ ಸಂದಿನಲ್ಲಿ. ಇ ನಾಲ್ಕನೇ ಸಂದಿನಲ್ಲಿ. ಜಿ ಕೆಳಗಡೆ ಎರಡು ಲೆಡ್ಜರ್ ಗೆರೆಗಳ (ಐದು ಗೆರೆಗಳ ಆಚೆ ಸೇರಿಸುವ ಚಿಕ್ಕ ಗೆರೆಗಳು) ಅಡಿಯಲ್ಲಿ. ಖಾಲಿ ತಂತಿ ಸಂದಾದರೆ ಒಂದನೇ ಬೆರಳು ಗೆರೆ, ಎರಡನೆಯದು ಸಂದು, ಮೂರನೆಯದು ಗೆರೆ, ನಾಲ್ಕನೆಯದು ಸಂದು. ನಾಲ್ಕು ತಂತಿಗಳಿಗೂ ಇದೇ ನಿಯಮ, ಎಲ್ಲಿಯೂ ತಪ್ಪುವುದಿಲ್ಲ. ಹಾಗಾಗಿ ಒಂದು ಸ್ವರ ಗೆರೆಯ ಮೇಲೆ ಕೂತಿದ್ದರೆ ಅದು ಒಂದನೇ ಅಥವಾ ಮೂರನೇ ಬೆರಳು, ಬೇರೆ ಆಗಲು ಸಾಧ್ಯವಿಲ್ಲ.

ಅಭ್ಯಾಸ ಹೀಗೆ: ಖಾಲಿ ಕಾಗದದಲ್ಲಿ ಐದು ಗೆರೆ ಎಳೆದು ನಾಲ್ಕು ಖಾಲಿ ತಂತಿಗಳ ಸ್ಥಾನ ಗುರುತಿಸಿ. ಇವು ಲಂಗರುಗಳು. ಬೇರೆ ಯಾವುದನ್ನೂ ಬಾಯಿಪಾಠ ಮಾಡಬೇಡಿ. ಹತ್ತಿರದ ಲಂಗರಿನಿಂದ ಎಷ್ಟು ಮೇಲೆ ಎಂದು ನೋಡಿ ಬೆರಳನ್ನು ಇಡಿ. ಸ್ವರದ ಹೆಸರನ್ನು ಗಟ್ಟಿಯಾಗಿ ಹೇಳಬೇಡಿ, ಬೆರಳನ್ನು ತಂತಿಯ ಮೇಲೆ ಒತ್ತಿ, ಕಮಾನು ಬೇಡ. ದಿನಕ್ಕೆ ಐದು ನಿಮಿಷ, ಪುಟದ ಯಾವುದೋ ಸಾಲನ್ನು ಎಡದಿಂದ ಬಲಕ್ಕೆ, ಮರುದಿನ ಬಲದಿಂದ ಎಡಕ್ಕೆ.

ಸ್ವರಗಳ ಕೆಳಗೆ ಸ ರಿ ಗ ಮ ಬರೆದುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಒಮ್ಮೆ ಬರೆದರೆ ಕಣ್ಣು ಅಕ್ಷರವನ್ನೇ ಓದುತ್ತದೆ, ಮೇಲಿನ ಚಿಹ್ನೆ ಅಲಂಕಾರವಾಗುತ್ತದೆ. ಬೆರಳ ಸಂಖ್ಯೆ ಬರೆದರೂ ಅದೇ ಗತಿ. ತೀರಾ ಬೇಕಾದರೆ ದೂರದ ಲೆಡ್ಜರ್ ಗೆರೆಯ ಸ್ವರಕ್ಕೆ ಮಾತ್ರ ಒಂದು ಸಂಖ್ಯೆ ಬರೆಯಿರಿ.

ಕೀ ಸಿಗ್ನೇಚರ್ ಎಂದರೆ ಎರಡನೇ ಬೆರಳು ಎಲ್ಲಿ ಎಂಬ ಸೂಚನೆ

ಸಾಲಿನ ಮೊದಲಲ್ಲಿ ಬರುವ ಶಾರ್ಪ್ (ಸ್ವರವನ್ನು ಒಂದು ಸ್ವರಸ್ಥಾನ ಏರಿಸುವ ಗುರುತು) ಅಥವಾ ಅಷ್ಟೇ ಇಳಿಸುವ ಫ್ಲ್ಯಾಟ್‌ಗಳನ್ನು ‘ಇದು ಯಾವ ಸ್ಕೇಲ್’ ಎಂದು ಹೆಸರಿಸಿ ಬಿಟ್ಟುಬಿಡುತ್ತೇವೆ. ಕೈಗೆ ಬೇಕಾದದ್ದು ಹೆಸರಲ್ಲ. ಪ್ರತಿ ತಂತಿಯಲ್ಲಿ ಯಾವ ಎರಡು ಬೆರಳುಗಳು ಅಂಟಿಕೊಂಡಿರಬೇಕು ಎಂಬುದು ಬೇಕು.

ಜಿ ಮೇಜರ್ ತೆಗೆದುಕೊಳ್ಳಿ. ಒಂದೇ ಶಾರ್ಪ್, ಎಫ್ ಮೇಲೆ. ಜಿ ಮತ್ತು ಡಿ ತಂತಿಗಳಲ್ಲಿ ಎರಡನೇ ಬೆರಳು ಮೇಲೆ, ಮೂರನೆಯದಕ್ಕೆ ತಾಗಿಕೊಂಡು. ಎ ಮತ್ತು ಇ ತಂತಿಗಳಲ್ಲಿ ಎರಡನೇ ಬೆರಳು ಕೆಳಗೆ, ಒಂದನೆಯದಕ್ಕೆ ತಾಗಿಕೊಂಡು. ಡಿ ಮೇಜರ್‌ಗೆ ಬಂದರೆ ಸಿ ಕೂಡ ಶಾರ್ಪ್: ಎ ತಂತಿಯ ಎರಡನೇ ಬೆರಳೂ ಮೇಲೆ ಹೋಗುತ್ತದೆ, ಜಿ ತಂತಿಯಲ್ಲಿ ಮೂರನೇ ಬೆರಳು ನಾಲ್ಕನೆಯದರ ಕಡೆಗೆ ಚಾಚುತ್ತದೆ. ಸಿ ಮೇಜರ್‌ನಲ್ಲಿ ಶಾರ್ಪ್ ಇಲ್ಲ: ಡಿ ತಂತಿಯ ಎರಡನೇ ಬೆರಳು ಕೆಳಗಿಳಿಯುತ್ತದೆ, ಇ ತಂತಿಯ ಒಂದನೇ ಬೆರಳು ಹಿಂದೆ ಸರಿದು ಮೇಲುಗಡೆಯ ನಟ್‌ಗೆ ಹತ್ತಿರವಾಗುತ್ತದೆ. ಮೊದಲ ಮೂರು ತಿಂಗಳು ಈ ಮೂರು ಕೀಗಳೇ ಸಾಕು. ಆಮೇಲೆ ಎ ಮೇಜರ್, ಎಫ್ ಮೇಜರ್.

ನುಡಿಸುವ ಮೊದಲು ಆ ಕೀಯ ಸ್ಕೇಲನ್ನು ಏರಿಳಿಸಿ ನುಡಿಸಿ. ಮೇಜರ್ ಎಲ್ಲವೂ ಶಂಕರಾಭರಣ. ಷಡ್ಜ ಮಾತ್ರ ಜಾಗ ಬದಲಿಸುತ್ತದೆ. ನ್ಯಾಚುರಲ್ ಮೈನರ್ ನಠಭೈರವಿ, ಹಾರ್ಮೋನಿಕ್ ಮೈನರ್ ಕೀರವಾಣಿ, ಮೆಲೋಡಿಕ್ ಮೈನರಿನ ಆರೋಹಣ ಗೌರಿಮನೋಹರಿ. ನಮ್ಮ ಕಿವಿಗೆ ಇದು ದೊಡ್ಡ ಬಲ. ಮೈನರ್ ಹಾಡಿನ ನಡುವೆ ಒಂದು ಶಾರ್ಪ್ ಎದುರಾದಾಗ ಗಾಬರಿಯಾಗುವ ಬದಲು ‘ಕೀರವಾಣಿಯ ಕಾಕಲಿ ನಿಷಾದ’ ಎಂದು ಕಿವಿ ಒಪ್ಪಿಕೊಳ್ಳುತ್ತದೆ. ಸ್ವರಗಳ ಹೆಸರು ಹೀಗೆ ಕಿವಿಗೆ ಇರಲಿ, ಬೆರಳಿನ ದಾರಿಗೆ ಅಡ್ಡ ಬರುವುದು ಬೇಡ.

ಲಯವನ್ನು ಬೇರೆಯಾಗಿಯೇ ಓದಿ

ತಪ್ಪು ಸ್ವರ ಒಂದು ಕ್ಷಣ ಕೇಳಿ ಮರೆಯಾಗುತ್ತದೆ. ತಪ್ಪು ಲಯ ಮುಂದಿನದನ್ನೆಲ್ಲ ಕೆಡಿಸುತ್ತದೆ. ಆದ್ದರಿಂದ ಪಿಟೀಲು ಕೆಳಗಿಟ್ಟು ಮೊದಲು ಬಾಯಲ್ಲಿ ಹೇಳಿ. ಸೊಲ್ಕಟ್ಟು ಗೊತ್ತಿರುವವರಿಗೆ ಇಲ್ಲಿ ಹೊಸದಾಗಿ ಕಲಿಯುವುದು ಕಡಿಮೆ.

4/4ರಲ್ಲಿ (ಬಾರಿಗೆ ನಾಲ್ಕು ತಟ್ಟು) ಕ್ರಾಚೆಟ್ ಒಂದು ಅಕ್ಷರಕಾಲ, ಕೈಯ ಒಂದು ತಟ್ಟು. ಎರಡು ಕ್ವೇವರ್‌ಗಳು ಒಂದು ತಟ್ಟಿಗೆ ‘ತಕ’. ನಾಲ್ಕು ಸೆಮಿಕ್ವೇವರ್‌ಗಳು ‘ತಕಧಿಮಿ’. ಮೇಲೆ 3 ಎಂದು ಬರೆದ ಮೂರು ಸ್ವರಗಳ ಗುಂಪು ಅದೇ ಒಂದು ತಟ್ಟಿನಲ್ಲಿ ‘ತಕಿಟ’. ಮಿನಿಮ್ ಎರಡು ತಟ್ಟು, ಸೆಮಿಬ್ರೀವ್ ನಾಲ್ಕು. ಸ್ವರದ ಪಕ್ಕದ ಚುಕ್ಕೆ ಅದರ ಅರ್ಧದಷ್ಟನ್ನು ಸೇರಿಸುತ್ತದೆ: ಚುಕ್ಕೆಯ ಕ್ರಾಚೆಟ್ ಒಂದೂವರೆ ತಟ್ಟು. ನಮ್ಮ ಬರಹದಲ್ಲಿ ಸ್ವರದ ಮೇಲೆ ಅಥವಾ ಕೆಳಗೆ ಇಡುವ ಚುಕ್ಕೆ ತಾರ, ಮಂದ್ರ ಸ್ಥಾಯಿಯ ಗುರುತು. ಇಲ್ಲಿ ಸ್ವರದ ಮೇಲಿನ ಚುಕ್ಕೆ ಸ್ಟಕಾಟೊ, ಅಂದರೆ ಕಡಿದು ನುಡಿಸಬೇಕು. ಈ ಮೂರು ಚುಕ್ಕೆಗಳನ್ನು ಮೊದಲ ದಿನವೇ ಬೇರ್ಪಡಿಸಿಕೊಳ್ಳಿ.

ಗೊಂದಲ ಹೆಚ್ಚಾಗುವುದು 3/4 ಮತ್ತು 6/8ರಲ್ಲಿ. ಎರಡರಲ್ಲೂ ಬಾರಿಗೆ ಆರು ಕ್ವೇವರ್‌ಗಳ ಜಾಗವಿದೆ. 3/4 ಎಂದರೆ ತಕ ತಕ ತಕ, ಮೂರು ತಟ್ಟು. 6/8 ಎಂದರೆ ತಕಿಟ ತಕಿಟ, ಎರಡೇ ತಟ್ಟು. ಕ್ವೇವರ್‌ಗಳ ಕಡ್ಡಿಗಳ ತುದಿಗೆ ಕಟ್ಟಿದ ದಪ್ಪ ಗೆರೆ ಎರಡೆರಡನ್ನು ಸೇರಿಸಿದೆಯೋ ಮೂರುಮೂರನ್ನೋ ಎಂದು ನೋಡಿದರೂ ತಿಳಿಯುತ್ತದೆ.

ರೆಸ್ಟ್ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಕಾರ್ವೆ ಎಂದರೆ ಸ್ವರ ಮುಂದುವರಿಯುತ್ತದೆ, ಕಮಾನು ನಿಲ್ಲುವುದಿಲ್ಲ. ರೆಸ್ಟ್ ಎಂದರೆ ಪೂರ್ತಿ ಮೌನ; ಕಮಾನು ತಂತಿಯ ಮೇಲೆ ನಿಂತಿರಬೇಕು. ಹಿಂದಿನ ಸ್ವರವನ್ನು ರೆಸ್ಟ್ ಒಳಗೆ ಎಳೆಯುವುದು ಕರ್ನಾಟಕ ಪದ್ಧತಿಯಿಂದ ಬಂದವರ ಮಾಮೂಲಿ ತಪ್ಪು. ಬಾಯಲ್ಲಿ ಹೇಳುವಾಗ ರೆಸ್ಟ್ ಇದ್ದಲ್ಲಿ ‘ಉಂ’ ಎನ್ನಿ, ಕೈ ಮಾತ್ರ ತಟ್ಟಲಿ.

ಆರು ಬಾರ್‌ಗಳನ್ನು ಹತ್ತಿರದಿಂದ ನೋಡೋಣ

ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳು ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದ ರಚನೆಗಳು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರೇ ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ತಂದವರಲ್ಲಿ ಪ್ರಮುಖರು. ‘ಸಂತತಂ ಪಾಹಿಮಾಂ’ ಬ್ರಿಟಿಷ್ ರಾಷ್ಟ್ರಗೀತೆಯ ಧಾಟಿಯಲ್ಲಿದೆ. ಅದನ್ನು ಜಿ ಮೇಜರ್‌ನಲ್ಲಿ, 3/4ರಲ್ಲಿ ಬರೆದರೆ ಮೊದಲ ಆರು ಬಾರ್‌ಗಳು ಹೀಗಿರುತ್ತವೆ:

ಜಿ ಜಿ ಎ | ಎಫ್ ಶಾರ್ಪ್ ಜಿ ಎ | ಬಿ ಬಿ ಸಿ | ಬಿ ಎ ಜಿ | ಎ ಜಿ ಎಫ್ ಶಾರ್ಪ್ | ಜಿ

ಒಂದು, ಮೂರು, ಐದನೇ ಬಾರ್‌ಗಳಲ್ಲಿ ಮೂರು ಕ್ರಾಚೆಟ್‌ಗಳು. ಎರಡು ಮತ್ತು ನಾಲ್ಕರಲ್ಲಿ ಚುಕ್ಕೆಯ ಕ್ರಾಚೆಟ್, ಕ್ವೇವರ್, ಕ್ರಾಚೆಟ್. ಅರ್ಧ ತಟ್ಟುಗಳಲ್ಲಿ ಎಣಿಸಿದರೆ 3, 1, 2: ‘ತಕಿಟ–ತ–ತಕ’. ಪ್ರತಿ ತುಂಡಿನ ಮೊದಲ ಅಕ್ಷರಕ್ಕೆ ಮಾತ್ರ ಕಮಾನು ಬದಲಾಗಬೇಕು. ಆರನೇ ಬಾರಿನಲ್ಲಿ ಚುಕ್ಕೆಯ ಮಿನಿಮ್, ಮೂರು ತಟ್ಟು.

ಬೆರಳುಗಳು: ಜಿ ಗೆರೆಯ ಮೇಲಿದೆ, ಡಿ ತಂತಿಯ ಮೂರನೇ ಬೆರಳು. ಎ ಸಂದಿನಲ್ಲಿ, ಖಾಲಿ ತಂತಿ. ಎಫ್ ಶಾರ್ಪ್ ಸಂದಿನಲ್ಲಿ, ಡಿ ತಂತಿಯ ಮೇಲೆತ್ತಿದ ಎರಡನೇ ಬೆರಳು. ಬಿ ಗೆರೆಯ ಮೇಲೆ, ಎ ತಂತಿಯ ಒಂದನೇ ಬೆರಳು. ಸಿ ಸಂದಿನಲ್ಲಿ, ಎ ತಂತಿಯ ಕೆಳಗಿಳಿದ ಎರಡನೇ ಬೆರಳು. ಎಡವುವ ಜಾಗಗಳು ಎರಡು. ಮೊದಲನೆಯದು ಜಿ: ಐದು ಮನೆಯ ಅಭ್ಯಾಸದ ಕೈ ಅದಕ್ಕೆ ಖಾಲಿ ತಂತಿ ಎಳೆದುಬಿಡುತ್ತದೆ, ಕೇಳುವುದು ಎ. ಎರಡನೆಯದು ಮೂರನೇ ಬಾರಿನ ಸಿ: ಹಿಂದಿನ ಬಾರಿನಲ್ಲಿ ಮೇಲಿದ್ದ ಎರಡನೇ ಬೆರಳು ಅದೇ ಎತ್ತರದಲ್ಲಿ ಎ ತಂತಿಗೆ ದಾಟಿದರೆ ಸಿ ಶಾರ್ಪ್ ಬರುತ್ತದೆ, ಶುದ್ಧ ಮಧ್ಯಮದ ಜಾಗದಲ್ಲಿ ಪ್ರತಿ ಮಧ್ಯಮ ಕೇಳಿದಂತೆ. ಕಿವಿ ಕೂಡಲೇ ಹೇಳುತ್ತದೆ, ಆದರೆ ಕೈಗೆ ಮೊದಲೇ ತಿಳಿದಿರಬೇಕು.

ಧಾಟಿ ಗೊತ್ತಿರುವುದರಿಂದ ಇದು ಸೈಟ್ ರೀಡಿಂಗ್ ಅಲ್ಲ, ಕಣ್ಣು ಬೆರಳುಗಳನ್ನು ಹೊಂದಿಸುವ ವ್ಯಾಯಾಮ. ಇದನ್ನು ನೀವೇ ಗೆರೆ ಎಳೆದು ಬರೆಯಿರಿ. ವಾರಕ್ಕೊಂದು ಸರಳ ರಚನೆಯನ್ನು ಹೀಗೆ ಬರೆದರೆ ಓದುವ ವೇಗ ಗಣನೀಯವಾಗಿ ಹೆಚ್ಚುತ್ತದೆ.

ಅರ್ಧ ನಿಮಿಷದಲ್ಲಿ ಏನು ನೋಡಬೇಕು

ಹೊಸ ಪುಟ ಎದುರಾದಾಗ ಮೊದಲ ಸ್ವರದಿಂದ ಓದತೊಡಗಬೇಡಿ. ಈ ಕ್ರಮದಲ್ಲಿ ನೋಡಿ:

1. ಟೈಮ್ ಸಿಗ್ನೇಚರ್ (4/4, 3/4ರಂಥ ಗುರುತು). ಒಳಗೊಳಗೇ ಒಂದು ಬಾರ್ ತಟ್ಟಿ.
2. ಕೀ ಸಿಗ್ನೇಚರ್. ಯಾವ ತಂತಿಯಲ್ಲಿ ಎರಡನೇ ಬೆರಳು ಮೇಲೆ, ಯಾವುದರಲ್ಲಿ ಕೆಳಗೆ.
3. ಅತ್ಯಂತ ಕಠಿಣ ಬಾರ್ ಯಾವುದು. ವೇಗ ನಿರ್ಧಾರವಾಗಬೇಕಾದದ್ದು ಅದರಿಂದ. ಮೊದಲ ಬಾರ್ ಸುಲಭವೆಂದು ಜೋರಾಗಿ ಹೊರಟು ಐದನೆಯದರಲ್ಲಿ ಮುಗ್ಗರಿಸುವುದೇ ಹೆಚ್ಚು.
4. ನಡುವೆ ಬರುವ ಶಾರ್ಪ್, ಫ್ಲ್ಯಾಟ್, ಅವನ್ನು ರದ್ದುಮಾಡುವ ನ್ಯಾಚುರಲ್‌ಗಳು. ಇವು ಆ ಬಾರ್ ಮುಗಿಯುವವರೆಗೆ, ಅದೇ ಸ್ಥಾಯಿಯ ಅದೇ ಸ್ವರಕ್ಕೆ ಅನ್ವಯ. ಬಾರ್ ಗೆರೆ ದಾಟಿದರೆ ರದ್ದು.
5. ದೊಡ್ಡ ಜಿಗಿತಗಳು, ತಂತಿ ದಾಟುವ ಜಾಗಗಳು.

ಸಮಯ ಉಳಿದರೆ ಕಠಿಣ ಬಾರನ್ನು ಒಮ್ಮೆ ನುಡಿಸಿ ನೋಡಿ. ಎಬಿಆರ್‌ಎಸ್‌ಎಂ ಪರೀಕ್ಷೆಯಲ್ಲೂ ಆ ಅರ್ಧ ನಿಮಿಷದಲ್ಲಿ ನುಡಿಸಿ ನೋಡಲು ಅವಕಾಶವಿದೆ. ಸುಮ್ಮನೆ ನೋಡುತ್ತ ಕೂರುವವರು ಅದನ್ನು ಕಳೆದುಕೊಳ್ಳುತ್ತಾರೆ.

ನುಡಿಸುವಾಗ

ಮೆಟ್ರೊನೋಮ್ 50ರಿಂದ 60ರ ನಡುವೆ. ಒಂದು ಬಾರ್ ಪೂರ್ತಿ ಎಣಿಸಿ ಹೊರಡಿ. ಹೊರಟ ಮೇಲೆ ಹಿಂದಿರುಗುವಂತಿಲ್ಲ. ಸ್ವರ ತಪ್ಪಿದರೆ ಬಿಡಿ. ಸರಿಪಡಿಸಲು ಹೋದರೆ ಒಂದು ತಪ್ಪು ಮೂರಾಗುತ್ತದೆ. ಮೃದಂಗದವರು ಎದುರಿಗಿದ್ದಾಗ ನಾವು ಆವರ್ತ ನಿಲ್ಲಿಸಿ ತಿದ್ದುವುದಿಲ್ಲವಲ್ಲ, ಇಲ್ಲಿಯೂ ಅದೇ ಶಿಸ್ತು.

ಗಮಕ ಬೇಡ. ಜಾರು ಹಾಕುವ ಬೆರಳು ಮುಂದಿನ ಸ್ವರಕ್ಕೆ ತಡವಾಗಿ ತಲುಪುತ್ತದೆ, ಲಯ ಮಸುಕಾಗುತ್ತದೆ. ಬೆರಳನ್ನು ಎತ್ತಿ ಇಡಿ, ಎಳೆಯಬೇಡಿ. ಕಮಾನಿನ ಗುರುತುಗಳಲ್ಲಿ ಮೊದಲ ಓದಿಗೆ ಸ್ಲರ್ ಮಾತ್ರ ಸಾಕು: ಬಾಗಿದ ಗೆರೆಯಡಿ ಬರುವ ಸ್ವರಗಳೆಲ್ಲ ಒಂದೇ ಎಳೆತದಲ್ಲಿ. ಗುರುತಿಲ್ಲದಿದ್ದರೆ ಬಾರಿನ ಮೊದಲ ತಟ್ಟಿಗೆ ಕೆಳಕಮಾನು, ಬಾರಿಗೆ ಮೊದಲೇ ಶುರುವಾಗುವ ಒಂಟಿ ಸ್ವರಕ್ಕೆ ಮೇಲ್ಕಮಾನು.

ಕಣ್ಣು ಕೈಗಿಂತ ಮುಂದಿರಬೇಕು. ಇದಕ್ಕೆ ಒಬ್ಬರ ಸಹಾಯ ಪಡೆಯಿರಿ. ನೀವು ಒಂದು ತಟ್ಟನ್ನು ನುಡಿಸಲು ಶುರುಮಾಡಿದ ಕೂಡಲೇ ಅವರು ಆ ತಟ್ಟನ್ನು ಕಾರ್ಡಿನಿಂದ ಮುಚ್ಚುತ್ತ ಹೋಗಲಿ. ನೋಡಲು ಉಳಿಯುವುದು ಮುಂದಿನದು ಮಾತ್ರ. ಮೊದಮೊದಲು ಒಂದು ತಟ್ಟು, ಕೆಲವು ವಾರಗಳಲ್ಲಿ ಅರ್ಧ ಬಾರ್, ಆಮೇಲೆ ಒಂದು ಬಾರ್.

ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಪಾದಕ್ಕೆ ಆನಿಸಿ ನುಡಿಸುವವರು ಸ್ಟ್ಯಾಂಡನ್ನು ತಗ್ಗಿಸಿ, ಕತ್ತು ಎತ್ತದೆ ಕಣ್ಣೆತ್ತಿದರೆ ಪುಟ ಕಾಣುವಷ್ಟು ಎತ್ತರಕ್ಕೆ ಇಟ್ಟುಕೊಳ್ಳಿ. ಆರ್ಕೆಸ್ಟ್ರಾಕ್ಕೆ ಹೋಗುವ ಉದ್ದೇಶವಿದ್ದರೆ ಭುಜದ ಮೇಲಿಟ್ಟು ಹಿಡಿಯುವುದನ್ನು ಈಗಲೇ ಕಲಿಯಿರಿ.

ಏನನ್ನು ಓದಬೇಕು, ಎಷ್ಟು

ನಿಮ್ಮ ಕೈಯ ಮಟ್ಟಕ್ಕಿಂತ ಬಹಳ ಸುಲಭದ್ದನ್ನು ಆರಿಸಿ. ಐದನೇ ಗ್ರೇಡಿನ ತುಣುಕು ನುಡಿಸುವವರು ಎರಡನೇ ಗ್ರೇಡಿನದನ್ನು ಓದಲಿ. ಜರ್ಮನ್ ಪಿಟೀಲು ಶಿಕ್ಷಕ ವೋಲ್‌ಫಾರ್ಟ್‌ನ ಓಪಸ್ 45ರ 60 ಅಭ್ಯಾಸಗಳು ಹಕ್ಕುಸ್ವಾಮ್ಯ ಮುಗಿದವು, ಐಎಂಎಸ್‌ಎಲ್‌ಪಿ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಎರಡು ಪಿಟೀಲುಗಳಿಗೆ ಬರೆದ ಸುಲಭ ಡ್ಯುಯೆಟ್‌ಗಳು ಇನ್ನೂ ಒಳ್ಳೆಯವು. ಜೊತೆಗಿರುವವರು ನಿಲ್ಲುವುದಿಲ್ಲವಾದ್ದರಿಂದ ನೀವೂ ನಿಲ್ಲುವಂತಿಲ್ಲ.

ದಿನಕ್ಕೆ 15ರಿಂದ 20 ನಿಮಿಷ, ದಿನವೂ. ಭಾನುವಾರ ಎರಡು ಗಂಟೆ ಕೂತರೆ ಇದು ಬರುವುದಿಲ್ಲ.

ಒಂದು ತುಣುಕನ್ನು ಎರಡೇ ಸಲ ನುಡಿಸಿ, ಪುಟ ತಿರುವಿಹಾಕಿ. ಇದನ್ನು ಒತ್ತಿ ಹೇಳಬೇಕಾಗಿದೆ. ಗುರುಮುಖೇನ ಕೇಳಿ ಕಲಿತವರ ಕಿವಿ ಅಸಾಧಾರಣವಾಗಿ ಚುರುಕು; ಮೂರನೇ ಸಲಕ್ಕೆ ಅವರು ಓದುತ್ತಿರುವುದಿಲ್ಲ, ನೆನಪಿನಿಂದ ನುಡಿಸುತ್ತಿರುತ್ತಾರೆ. ಪುಟ ಎದುರಿಗಿರುವುದರಿಂದ ಓದುತ್ತಿದ್ದೇವೆಂದೇ ಅನಿಸುತ್ತದೆ. ಅನುಮಾನವಿದ್ದರೆ ನಡುವಿನ ಯಾವುದೋ ಬಾರಿನಿಂದ ಶುರುಮಾಡಿ, ಅಥವಾ ಕೊನೆಯ ಬಾರಿನಿಂದ ಹಿಂದಕ್ಕೆ ಒಂದೊಂದೇ ಬಾರ್ ನುಡಿಸಿ. ತಡವರಿಸಿದರೆ ಅದು ಕಿವಿಯ ಪಾಠವಾಗಿತ್ತು.

ಪೊಸಿಶನ್ ಬದಲಾದಾಗ

ಮೊದಲ ಪೊಸಿಶನ್ ಗಟ್ಟಿಯಾದ ಮೇಲೆ ಎರಡನೆಯದಕ್ಕಲ್ಲ, ಮೂರನೆಯದಕ್ಕೆ ಹೋಗಿ. ಮೂರನೇ ಪೊಸಿಶನ್‌ನಲ್ಲೂ 1, 3 ಗೆರೆ. 2, 4 ಸಂದು. ಡಿ ತಂತಿಯಲ್ಲಿ ಒಂದನೇ ಬೆರಳು ಜಿಗೆ ಬರುತ್ತದೆ, ಅದೂ ಗೆರೆಯೇ. ಐದನೇ ಪೊಸಿಶನ್‌ನಲ್ಲೂ ಹಾಗೆಯೇ. ಎರಡು ಮತ್ತು ನಾಲ್ಕರಲ್ಲಿ ತಿರುಗುಮುರುಗು: ಒಂದನೇ ಬೆರಳು ಸಂದಿಗೆ ಬರುತ್ತದೆ. ಅವನ್ನು ಕೊನೆಗೆ ಇಟ್ಟುಕೊಳ್ಳಿ.

ತಂಡದಲ್ಲಿ ನುಡಿಸುವಾಗ ಎಲ್ಲಿದ್ದೇವೆಂದು ತಪ್ಪಿಹೋದರೆ ಕಮಾನನ್ನು ತಂತಿಗೆ ತಾಗದಂತೆ ಆಡಿಸುತ್ತ ಎಣಿಕೆ ಮುಂದುವರಿಸಿ. ಪುಟದಲ್ಲಿ ದೂರದಿಂದಲೇ ಗುರುತು ಸಿಗುವ ಜಾಗ ಹುಡುಕಿ: ಉದ್ದ ರೆಸ್ಟ್, ಚೌಕದೊಳಗಿನ ರಿಹರ್ಸಲ್ ಅಕ್ಷರ, ಸೆಮಿಕ್ವೇವರ್‌ಗಳ ಕಪ್ಪು ಗುಂಪು. ಪಕ್ಕದವರು ಅಲ್ಲಿಗೆ ಬಂದ ಬಾರಿನ ಮೊದಲ ತಟ್ಟಿಗೆ ಸೇರಿಕೊಳ್ಳಿ, ಬಾರಿನ ನಡುವೆ ಸೇರಬೇಡಿ.